ಕಾಲುವೆಯ ಊರಿನ ದವಾಖಾನಿ

ಹೊರದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳ ಮನಸ್ಸಿನಲ್ಲಿ ನಮ್ಮೂರು ಶ್ರೀರಾಮನಗರವೆಂದರೆ ರಜೆಯಲ್ಲಿ ಹೋಗಿ ಸೊಳ್ಳೆ ಕಡಿಸಿಕೊಂಡು ಬರುವ ಊರೆಂಬ ನೆನಪೊಂದೇ ಉಳಿದುಬಿಡುವುದೋ ಎಂಬ ವ್ಯಾಕುಲದಿಂದ, ಇಲ್ಲಿನ ನಮ್ಮ ಸಂಘದ ಮಿತ್ರರ ಒತ್ತಾಯಕ್ಕೂ ಮಣಿದು, ಅಲ್ಲಿನ ಸಣ್ಣ ಸರ್ಕಾರಿ ಆಸ್ಪತ್ರೆಯ ಪೂರ್ವಕಥೆಯನ್ನು ಬರೆಯಲು ಕುಳಿತಿದ್ದೇನೆ.

ಆಸ್ಪತ್ರೆಗೆ ನಮ್ಮ ಕಡೆ ದವಾಖಾನಿ ಎನ್ನುವರು. ಅದರ ಚರಿತ್ರೆಯನ್ನು ಕಟ್ಟಡದಿಂದಲ್ಲ, ನೀರಿನಿಂದ ಆರಂಭಿಸಬೇಕು. ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರಲ್ಲಿ ಶಂಕುಸ್ಥಾಪನೆಯಾದಾಗ ಎಡದಂಡೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಬಲದಂಡೆಯು ಮದ್ರಾಸ್ ಪ್ರಾಂತಕ್ಕೂ ಸೇರಿದ್ದಿತು. 1953ರಲ್ಲಿ ಜಲಾಶಯ ಸಿದ್ಧವಾಗಿ, ಜೋಳ ಸಜ್ಜೆಗಳ ಗಂಗಾವತಿ ಸೀಮೆಗೆ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ, ಕರಾವಳಿ ಆಂಧ್ರದ ರೈತರು ಬಂದು, ಭೂಮಿ ಕೊಂಡು, ಕ್ಯಾಂಪುಗಳೆಂಬ ಊರುಗಳನ್ನು ಕಟ್ಟಿ ಭತ್ತ ಬೆಳೆದರು. ಶ್ರೀರಾಮನಗರವೂ ಅಂಥದೊಂದು ಕ್ಯಾಂಪು. ಆದರೆ ಗದ್ದೆಯಲ್ಲಿ ನಿಂತ ನೀರು ಅನ್ನದೊಡನೆ ಸೊಳ್ಳೆಯನ್ನೂ, ಸೊಳ್ಳೆಯೊಡನೆ ಮಲೇರಿಯಾವನ್ನೂ ತಂದಿತು.

ಗ್ರಾಮಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂದು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲೇ ಹೇಳಿದ್ದಿತು. ಮಲೇರಿಯಾ ನಿರ್ಮೂಲನ ಕಾರ್ಯಕ್ರಮ 1958ರಲ್ಲಿ ಮೊದಲಾಯಿತು. ರೋಗ ಇಳಿದು ಮತ್ತೆ ಉಕ್ಕಿ, 1976ರಲ್ಲಿ ದೇಶದಲ್ಲಿ ಸುಮಾರು 64 ಲಕ್ಷ ಜನರನ್ನು ಹಿಡಿಯಿತು.

ಆ ಕಾಲದಲ್ಲಿಯೇ ನಮ್ಮವ್ವ ಬಸುರಿಯಾಗಿದ್ದಾಗ ಚಳಿಜ್ವರದಲ್ಲಿ ನಡುಗಿ ಮಲಗಿದಳು. ನಾಲ್ಕು ಕೌದಿ ಹೊದಿಸಿದರೂ ಹೊರಸು ಅಲುಗುತ್ತಿದ್ದುದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಕಾಲುವೆಯ ಏರಿಯ ಮೇಲೆ ಸೈಕಲ್ಲು ತುಳಿಯುತ್ತ ಬಂದ ಆರೋಗ್ಯ ಇಲಾಖೆಯವರು ಅವಳ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿ, ಕ್ಲೋರೋಕ್ವಿನ್ ಮಾತ್ರೆಗಳನ್ನು ಎದುರಿಗೇ ನುಂಗಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋದರು. ಮೂರನೆಯ ದಿನ ಜ್ವರ ಇಳಿಯಿತು. ಮುಂದೆ ಹೆರಿಗೆಯ ರಾತ್ರಿ ಸೂಲಗಿತ್ತಿಯೊಡನೆ ಕುಳಿತ ದವಾಖಾನಿಯ ನರ್ಸಮ್ಮನವರು ತೆಲುಗಿನವರೊಡನೆ ತೆಲುಗಿನಲ್ಲಿಯೂ ಅವ್ವನೊಡನೆ ಕನ್ನಡದಲ್ಲಿಯೂ ಮಾತಾಡುತ್ತ ಬೆಳಗು ಮಾಡಿದರು. ಆಗ ಹುಟ್ಟಿದ ತಂಗಿಯೇ ಈಗ ಈ ಮಕ್ಕಳಿಗೆ ಅತ್ತೆ. ಅಂಥ ಕೈಗಳಿದ್ದ ದವಾಖಾನಿಯನ್ನು ಹಾಸಿಗೆಗಳ ಸಂಖ್ಯೆಯಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ ಭತ್ತದ ಸೀಮೆಗೆ ಸೊಳ್ಳೆಯಿಂದಲೇ ಹರಡುವ ಮಿದುಳುಜ್ವರದ ಭಯವೂ ಬಂದು, ಅದಕ್ಕೆ ಲಸಿಕೆಯೂ ಬಂದಿದೆ. ಇಲ್ಲಿ ನಾವು 911 ಒತ್ತುವಂತೆ ಅಲ್ಲಿ 2008ರಿಂದ 108 ಒತ್ತಿದರೆ ಆಂಬುಲೆನ್ಸ್ ಬರುತ್ತದೆ.

ಅಪ್ಪನವರು ಪ್ರತಿ ವರ್ಷ ಯುಗಾದಿಗೆ ಮನೆಗೆ ಸುಣ್ಣ ಹಚ್ಚುವಾಗ ಬಾಗಿಲ ಪಕ್ಕದಲ್ಲಿ ಆ ತಾರೀಖು ಇದ್ದ ಅಂಗೈಯಗಲ ಗೋಡೆಯನ್ನು ಮಾತ್ರ ಹಾಗೆಯೇ ಬಿಡುತ್ತಿದ್ದರು.