ಒಂಬತ್ತರಿಂದ ಭಾಗವಾಗುವ ಡಿಫರೆನ್ಸ್

ಬ್ಯಾಂಕುಗಳಿಗೆ ಕಂಪ್ಯೂಟರ್ ಜಗಳವಾಡಿಕೊಂಡೇ ಬಂತು. ಕೆಲಸ ಹೋಗುತ್ತದೆಂಬ ಭಯಕ್ಕೆ ನೌಕರ ಸಂಘಗಳು ಅಡ್ಡ ನಿಂತಿದ್ದವು. 1983ರ ಒಪ್ಪಂದ ಮಿತವಾದ ಯಾಂತ್ರೀಕರಣಕ್ಕೆ ದಾರಿ ಮಾಡಿತು, ಮರುವರ್ಷ ಸಿ. ರಂಗರಾಜನ್ ಸಮಿತಿಯ ವರದಿ. ಆಮೇಲೆ ಶಾಖೆಗಳಿಗೆ ಕಾಲಿಟ್ಟದ್ದು ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್, ನಮ್ಮ ಬಾಯಲ್ಲಿ ಎ.ಎಲ್.ಪಿ.ಎಂ.

ನಾನು ಆಗ ದಕ್ಷಿಣ ಕನ್ನಡದ ಒಂದು ಶಾಖೆಯಲ್ಲಿ ಗುಮಾಸ್ತ. ಯಾರಿಗೆ ಯಂತ್ರ ಒಗ್ಗುತ್ತದೆಂದು ವಯಸ್ಸು, ಡಿಗ್ರಿ ನೋಡಿ ಹೇಳಲಾಗುತ್ತಿರಲಿಲ್ಲ. ಸ್ವಭಾವ ನೋಡಿದ್ದರೆ ಹೇಳಬಹುದಿತ್ತು. ಕೌಂಟರಿಗೆ ಬಂದವರ ಬಳಿ ಅಡಿಕೆ ಧಾರಣೆ, ಮಗಳ ಮದುವೆ ವಿಚಾರಿಸುತ್ತಲೇ ಕೆಲಸ ಮುಗಿಸುತ್ತಿದ್ದ ಗೆಳೆಯರು ಪರದೆಯ ಮುಂದೆ ಮಂಕಾದರು. ಕುತೂಹಲದ ಹುಡುಗನೊಬ್ಬ ಊಟದ ಹೊತ್ತಲ್ಲೂ ಫ್ಲಾಪಿ ಬಿಡುತ್ತಿರಲಿಲ್ಲ.

ನನಗೆ ಮುಖ್ಯವೆನಿಸುವವರು ಉಳಿತಾಯ ಖಾತೆಗಳ, ಅಂದರೆ ಎಸ್‌ಬಿ ಲೆಡ್ಜರಿನ ಹಿರಿಯರು. ಆಗ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಬಡ್ಡಿ. ದಿನದಿನದ ಬಾಕಿಗೆ ಬಡ್ಡಿ ಹಾಕುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ. ಕೈಲೆಕ್ಕದ ಕಾಲದಲ್ಲಿ ಅದನ್ನು ಯೋಚಿಸುವಂತೆಯೇ ಇರಲಿಲ್ಲ. ಅರ್ಧವರ್ಷಕ್ಕೊಮ್ಮೆ ರಾತ್ರಿಯವರೆಗೆ ಕೂತು ಕನಿಷ್ಠ ಬಾಕಿಯ ಬಡ್ಡಿ ಬರೆಯುತ್ತಿದ್ದವರು ಈ ಹಿರಿಯರು. ತಾವು ಕೂಡಿಸದ ಮೊತ್ತಕ್ಕೆ ಇನಿಶಿಯಲ್ ಹಾಕಿದವರಲ್ಲ. ಯಂತ್ರವನ್ನಂತೂ ಬಿಲ್‌ಕುಲ್ ನಂಬಲಿಲ್ಲ. ‘ಹೊಸತಕ್ಕೆ ಒಗ್ಗದವರು’ ಎಂದು ಮೇಲಿನವರು ತೀರ್ಮಾನಿಸಿಬಿಟ್ಟರು.

ಆದರೆ ಲೆಡ್ಜರಿನ ಬಾಕಿಗಳನ್ನೆಲ್ಲ ಯಂತ್ರಕ್ಕೆ ಊಡುವ ದಿನಗಳಲ್ಲಿ ಶಾಖೆಯನ್ನು ಕಾಪಾಡಿದ್ದು ಆ ಅಪನಂಬಿಕೆಯೇ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹಾಳೆ ಹರಡಿ, ಅಡಿಪಟ್ಟಿ ಇಟ್ಟು, ಸಾಲುಸಾಲಾಗಿ ತಾಳೆ ನೋಡುತ್ತಿದ್ದರು. ಒಮ್ಮೆ 90 ರೂಪಾಯಿ ಡಿಫರೆನ್ಸ್. ಒಂಬತ್ತರಿಂದ ಭಾಗವಾಗುತ್ತದೆ, ಅಂದರೆ ಅಂಕಿ ಅದಲುಬದಲಾಗಿರಬೇಕು ಎಂದವರೇ ಹುಡುಕಿ ತೆಗೆದರು: 540 ಇದ್ದದ್ದು 450 ಆಗಿತ್ತು. ಯಂತ್ರವನ್ನು ಪ್ರೀತಿಸಿದ ಹುಡುಗ ಪರದೆಯ ಮೇಲಿನದ್ದೇ ಸತ್ಯವೆಂದುಕೊಂಡಿದ್ದ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ ಮೇಲೆಯೇ ಲೆಕ್ಕ ಟ್ಯಾಲಿಯಾದದ್ದು. ಇಂಥ ಜೋಡಿಗಳನ್ನು ಬೇಕೆಂದೇ ಕಟ್ಟಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. 15 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ಆಗಿದ್ದರೆ ಅರ್ಜಿ ಹಾಕಬಹುದಿತ್ತು. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಿಂದ ಲಕ್ಷಕ್ಕೂ ಹೆಚ್ಚು ಜನ ಹೊರನಡೆದರು. ನಮ್ಮ ಹಿರಿಯರೂ ಹೋದರು, ಯಾರೂ ತಡೆಯಲಿಲ್ಲ. ಕೆಲವು ವರ್ಷಗಳ ನಂತರ ಕೋರ್ ಬ್ಯಾಂಕಿಂಗಿಗೆ ಖಾತೆಗಳನ್ನು ವರ್ಗಾಯಿಸುವಾಗ ಮತ್ತೆ ಡಿಫರೆನ್ಸ್ ಬಂತು. ಹಳೆಯ ಲೆಡ್ಜರುಗಳು ಸ್ಟ್ರಾಂಗ್ ರೂಮಿನ ಮೂಲೆಯಲ್ಲಿದ್ದವು. ಅವುಗಳಲ್ಲಿ ಎಲ್ಲಿ ಹುಡುಕಬೇಕೆಂದು ಬಲ್ಲವರು ಶಾಖೆಯಲ್ಲಿ ಉಳಿದಿರಲಿಲ್ಲ.