ನೀಲಿ ಪರದೆ (ಕಂಪ್ಯೂಟರ್)

ವಿಂಡೋಸ್‌ನ ತಿರುಳಾದ ಕರ್ನೆಲ್ ತಾನು ಸರಿಪಡಿಸಿಕೊಳ್ಳಲಾಗದ ದೋಷಕ್ಕೆ ಸಿಕ್ಕಾಗ, ಕಡತಗಳು ಕೆಡದಿರಲೆಂದು ಯಂತ್ರವನ್ನು ನಿಲ್ಲಿಸಿ ತೋರಿಸುವ ಸೂಚನೆ. 2025ರಲ್ಲಿ ವಿಂಡೋಸ್ 11 ಇದನ್ನು ಕಪ್ಪಾಗಿಸಿತು. ಬಾಯಲ್ಲಿ ಇಂದಿಗೂ ‘ಬ್ಲೂ ಸ್ಕ್ರೀನ್’ ಎಂದೇ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಇದೇ ಪರದೆ ತೋರಿಸಿ ನಿಂತವು. ಬೆಂಗಳೂರು, ಚೆನ್ನೈ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಕೆಲಸ ತೊಡಕಾಯಿತು. ಚೆನ್ನೈನ ಶೋಳಿಂಗನಲ್ಲೂರಿನಂಥ ಐಟಿ ನೆಲೆಯಲ್ಲಿ ಕಚೇರಿಯ ಯಂತ್ರ ಕೈಕೊಟ್ಟರೆ ನೋಡಲು ಒಂದು ವಿಭಾಗವೇ ಇರುತ್ತದೆ. ಬಾಡಿಗೆ ಕೋಣೆಯ ಗೇಮಿಂಗ್ ಲ್ಯಾಪ್‌ಟಾಪಿಗೆ ಒಡೆಯನೇ ವೈದ್ಯ.

ಹೊಸ ಲ್ಯಾಪ್‌ಟಾಪಿನಲ್ಲಿ ಇದು ಮರುಕಳಿಸಿದರೆ ಮೊದಲ ಸಂಶಯ ಗ್ರಾಫಿಕ್ಸ್ ಅಥವಾ ವೈಫೈ ಡ್ರೈವರ್ ಮೇಲೆ, ಆಮೇಲೆ ರ್‍ಯಾಮ್ ಮೇಲೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಸ್ಟಾಪ್ ಕೋಡ್ (ಪರದೆಯಲ್ಲಿ ಕಾಣುವ ದೋಷದ ಹೆಸರು) ಹೆಚ್ಚಾಗಿ ರ್‍ಯಾಮಿನತ್ತ ಬೊಟ್ಟು ಮಾಡುತ್ತದೆ. ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಗ್ರಾಫಿಕ್ಸ್‌ನತ್ತ. ಅಂಗಡಿಯಲ್ಲಿ ಹೆಚ್ಚುವರಿ ರ್‍ಯಾಮ್ ಹಾಕಿಸಿದ್ದರೆ ಅದನ್ನು ತೆಗೆಸಿ ನೋಡಬೇಕು: ಸ್ಲಾಟಿನಲ್ಲಿ ಕೂದಲೆಳೆಯಷ್ಟು ಓರೆಯಾಗಿ ಕೂತ ಪಟ್ಟಿಯೂ ಸಾಕು. ಕುಸಿತದ ಗುರುತು ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನ ‘ಮಿನಿಡಂಪ್’ನಲ್ಲಿ ಉಳಿಯುತ್ತದೆ, ‘ವಿನ್‌ಡಿಬಿಜಿ’ ಎಂಬ ಉಚಿತ ಸಾಧನದಲ್ಲಿ ತೆರೆದರೆ ತಪ್ಪಿತಸ್ಥ ಡ್ರೈವರಿನ ಹೆಸರು ಎಷ್ಟೋ ಸಲ ಸಿಗುತ್ತದೆ. ಎಲ್ಲಕ್ಕೂ ವಿಂಡೋಸ್ ಮರುಸ್ಥಾಪನೆಯೇ ಮದ್ದೆನ್ನುವುದು ಸೋಮಾರಿ ಸಲಹೆ. ಅದರಿಂದ ಆ ಗುರುತುಗಳೂ ಅಳಿಸಿಹೋಗುತ್ತವೆ.

ಡ್ರೈವರ್, ಬಯಾಸ್ ಎರಡನ್ನೂ ಹೊಸದಾಗಿಸಿದ ಮೇಲೂ ನಿಲ್ಲದಿದ್ದರೆ, ಕೋಡಿನ ಫೋಟೊ ತೆಗೆದಿಟ್ಟುಕೊಂಡು ವಾರಂಟಿಯಡಿ ಯಂತ್ರವನ್ನೇ ಬದಲಿಸಿಕೊಡುವಂತೆ ಕೇಳುವುದು ಲೇಸು.