ಪಟದೊಳಗಿನ ದಂಡನಾಯಕ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸ್ಟ್ರಾಟ್‌ಫೀಲ್ಡ್ ಸೇ ಎಂಬ ಹಳ್ಳಿಗಾಡಿನ ಮಹಲೊಂದಿದೆ. ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನಿಗಾಗಿ, ಪಾರ್ಲಿಮೆಂಟು ಮಂಜೂರು ಮಾಡಿದ ಹಣದಿಂದ 1817ರಲ್ಲಿ ಅದನ್ನು ಕೊಳ್ಳಲಾಯಿತು. ಆ ಮನೆತನದ ಚಿತ್ರಸಂಗ್ರಹದಲ್ಲಿ ಜಾನ್ ಹಾಪ್ನರ್ ಎಂಬ ಕಲಾವಿದನು 1795ರ ಸುಮಾರಿಗೆ ಬರೆದ ತೈಲಚಿತ್ರವೊಂದುಂಟು. ಕೆಂಪು ಅಂಗಿ ತೊಟ್ಟ ತರುಣ ಅಧಿಕಾರಿ. ವಯಸ್ಸು ಇಪ್ಪತ್ತಾರರ ಆಸುಪಾಸು. ಆತನೇ 33ನೆಯ ಪದಾತಿ ದಳದ ಲೆಫ್ಟಿನೆಂಟ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದಿನ ವೆಲ್ಲಿಂಗ್ಟನ್.

ಚಿತ್ರ ಬರೆಸಿಕೊಂಡಾಗ ಆತನ ಹೆಸರು ಯಾರಿಗೂ ಅಷ್ಟಾಗಿ ತಿಳಿಯದು. ಫ್ಲಾಂಡರ್ಸಿನ ವಿಫಲ ದಂಡಯಾತ್ರೆಯೊಂದನ್ನು ಕಂಡಿದ್ದನಷ್ಟೆ. ಅವನನ್ನು ದಂಡನಾಯಕನನ್ನಾಗಿ ತಿದ್ದಿದ ಪಾಠಶಾಲೆ ನಮ್ಮ ಕಾವೇರಿ ತೀರದಲ್ಲಿತ್ತು.

ಮೊದಲನೆಯ ಪಾಠ ಸೋಲಿನದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನ ಮೇಲೆ ಅವನು ದಾಳಿಯಿಟ್ಟ. ನೆಲದ ಪರಿಚಯವಿಲ್ಲ, ಕಗ್ಗತ್ತಲೆ, ದಳ ಚೆದುರಿತು. ಹನ್ನೆರಡು ಮಂದಿ ಸೈನಿಕರು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಪ್ರಾಣ ಕಳೆದುಕೊಂಡರು. ಹಗಲಿನಲ್ಲಿ ಮುಂದಾಗಿ ನೋಡಿಕೊಳ್ಳದ ನೆಲೆಯ ಮೇಲೆ ಇರುಳಿನಲ್ಲಿ ಏರಿಹೋಗಬಾರದೆಂಬ ನಿಶ್ಚಯವನ್ನು ಅವನು ಅಂದೇ ಮಾಡಿಕೊಂಡ.

ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು. ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂದಿತು. ಅವನು ಬಿಡಾರ ಮಾಡಿದ್ದು ದರಿಯಾ ದೌಲತ್ ಅರಮನೆಯಲ್ಲಿ. ಅಲ್ಲಿಯ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಸುತ್ತುವರಿದಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ನಡುವೆ ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಈ ಬೇಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ತೀರಿಕೊಂಡವನು.

ಮುತ್ತಿಗೆಗೆ ಮೊದಲೇ ಕೆಟ್ಟುಹೋಗಿದ್ದ ಆ ಚಿತ್ರಗಳನ್ನು ವೆಲ್ಲೆಸ್ಲಿ ಅಳಿಸಿಹಾಕಿಸಬಹುದಾಗಿತ್ತು. ಆದರೆ ಅವನು ದುರಸ್ತು ಮಾಡಿಸಿದ. ತನ್ನವರ ಸೋಲಿನ ಕಥೆಯನ್ನು ತಾನಿರುವ ಮನೆಯ ಗೋಡೆಯ ಮೇಲೆ ಉಳಿಸಿಕೊಂಡ. ಮುಂದೆ ಅವು ಮತ್ತೆ ಸುಣ್ಣದಡಿಯಲ್ಲಿ ಮರೆಯಾದಾಗ ಡಾಲ್‌ಹೌಸಿಯ ಅಪ್ಪಣೆಯಂತೆ ಪುನಃ ಬರೆಯಲ್ಪಟ್ಟವು.

1800ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೋಣಗಲ್ಲಿನಲ್ಲಿ ಸೋಲಿಸಿದ. ಧೋಂಡಿಯ ಅಲ್ಲೇ ಹತನಾದ. ಶತ್ರುವಿನ ಸಾಮಾನು ಸರಂಜಾಮಿನ ನಡುವೆ ಸಿಕ್ಕಿದ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ಸಾಕಿದ. 1805ರಲ್ಲಿ ಹಿಂದೂಸ್ಥಾನವನ್ನು ಬಿಡುವಾಗ ಆ ಬಾಲಕನ ಪೋಷಣೆಗೆಂದು ಹಣವಿಟ್ಟು ಹೋದ.

ಗೆದ್ದವನ ಗುಣ ಹೇಳಿದ ಮಾತ್ರಕ್ಕೆ ಗೆಲುವಿನ ಹಿಂದಿನ ರಕ್ತ ಮರೆಯಾಗದು. ಆ ಬಾಲಕನನ್ನು ತಬ್ಬಲಿ ಮಾಡಿದ್ದೂ ವೆಲ್ಲೆಸ್ಲಿಯ ಸೈನ್ಯವೇ ಅಲ್ಲವೆ? ಹಾಪ್ನರನ ಪಟದಲ್ಲಿ ಇದಾವುದೂ ಇಲ್ಲ. ಇರುವುದಕ್ಕೆ ಆಗ ಇದೊಂದೂ ನಡೆದಿರಲಿಲ್ಲ. ಆ ತರುಣನ ಮುಂದಿನ ಕಥೆಯನ್ನು ಅರಿಯಬಯಸುವವರು ಹ್ಯಾಂಪ್‌ಷೈರಿನವರೆಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯೆದುರು ತುಸು ಹೊತ್ತು ನಿಂತರೆ ಸಾಕು.